ಗುರುತಿಲ್ಲದ ಫೈಲುಗಳು

"ಆಗದ ಮಾತು" ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕೂತು, ಕಂಬಳಿಯ ಅಂಚಿನ ಎಳೆ ಕೀಳುತ್ತಾ, ಅವ್ವನಿಗೆ ಹೇಳಿದ್ದರು: "ಅಕ್ಕಾ, ಕುರಿ ಹಿಂದೆ ತಿರುಗಿದ ಹುಡುಗ ಡಿಗ್ರಿ ಮುಗಿಸ್ತಾನೆ ಅಂದ್ರೆ ಟಗರು ಹಾಲು ಕೊಡ್ತೈತಿ ಅಂದಂಗೆ. ಆಗದ ಮಾತು ಬಿಡು." ಎರಡನೇ ಸಲ ಹಾಗೆಂದವನು ನಾನೇ. ಇಂಗ್ಲಿಷ್ ಪೇಪರಿನಲ್ಲಿ ಮತ್ತೊಮ್ಮೆ ಫೇಲಾಗಿ ಬಂದ ದಿನ, ಕೊಟ್ಟಿಗೆಯ ಹಿಂದೆ ಒಬ್ಬನೇ ನಿಂತು, ಮಾವನ ಮಾತನ್ನೇ ನನಗೆ ನಾನು ಹೇಳಿಕೊಂಡಿದ್ದೆ.

ಇಬ್ಬರ ಮಾತೂ ಸುಳ್ಳಾಯಿತು. ಶಿಕಾರಿಪುರದಲ್ಲಿ ಓದಿ ಬಿ.ಎ. ಮುಗಿಸಿದೆ. ಇಂಗ್ಲಿಷನ್ನು ಮೂರನೇ ಸಲಕ್ಕೆ ಪಾಸು ಮಾಡಿಕೊಂಡೆ. ನಮ್ಮ ವಂಶದಲ್ಲಿ ಡಿಗ್ರಿ ಅಂತ ಆದದ್ದು ನನಗೇ ಮೊದಲು. ಇದನ್ನು ಬರೆಯುವಾಗ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ, ಅದಕ್ಕೆ ನನಗೆ ಸಂಕೋಚವಿಲ್ಲ. ಸಂಕೋಚವಿರುವುದು ಅದರ ಮರುವರ್ಷ ನಾನು ಮಾಡಿದ ಒಂದು ಕೆಲಸಕ್ಕೆ. ಅದನ್ನು ಇಷ್ಟು ವರ್ಷ ಅರ್ಧ ಹೇಳಿ, ಅರ್ಧ ನುಂಗಿ, ನಗುವ ಕಥೆ ಮಾಡಿಕೊಂಡು ಗೆಳೆಯರ ಮುಂದೆ ಹೇಳುತ್ತಾ ಬಂದಿದ್ದೇನೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ತೊಂಬತ್ತರ ದಶಕದ ನಡುಭಾಗ. ಶಿರಾಳಕೊಪ್ಪದಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಒಂದು ಕಂಪ್ಯೂಟರ್ ಕೇಂದ್ರ ತೆರೆದಿತ್ತು. ಒಂದೇ ಕೋಣೆ, ಮೂರು ಯಂತ್ರ. ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು ಬರಬೇಕು. ಯಂತ್ರಗಳಿಗೆ ಕೆಂಪು ಬಟ್ಟೆಯ ಮುಸುಕು, ಅದರ ಮೇಲೆ ಹಬ್ಬದಲ್ಲಿ ಹಚ್ಚಿದ ಕುಂಕುಮ. ಕಲಿಸುವ ಸರ್ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬಹುದು, ಅಷ್ಟೆ. ಎಲ್ಲರಿಗೂ 'ರೀ' ಹಚ್ಚಿ ಮಾತಾಡುತ್ತಿದ್ದರು. ಮೊದಲ ದಿನವೇ ಹೇಳಿದ್ದರು: "ನೋಡ್ರಿ, ಯಂತ್ರದೊಳಗೆ ಆಪರೇಟಿಂಗ್ ಸಿಸ್ಟಂ ಅಂತ ಒಂದಿರುತ್ತೆ. ಅದು ಇದ್ರೆ ಯಂತ್ರಕ್ಕೆ ಜೀವ. ನಮ್ಮಲ್ಲಿರೋದು ಡಾಸ್. ನೀವು ನಿಮ್ಮ ನಿಮ್ಮ ಫೈಲ್ ಮಾಡ್ಕೊಳ್ಳಿ, ಅಳಿಸ್ಕೊಳ್ಳಿ. ಅದರ ತಂಟೆಗೆ ಮಾತ್ರ ಹೋಗ್ಬೇಡ್ರಿ."

ಮೂರನೇ ಯಂತ್ರಕ್ಕೆ ಬಿದ್ದವರು ಇಬ್ಬರೇ, ನಾನು ಮತ್ತು ಸೊರಬದಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಅಕ್ಕ. ವಯಸ್ಸು ಮೂವತ್ತು ದಾಟಿತ್ತು. ಸೊರಬದ ಒಂದು ಸಣ್ಣ ಪ್ರೆಸ್ಸಿನಲ್ಲಿ ಹನ್ನೆರಡು ವರ್ಷದಿಂದ ಸೀಸದ ಅಕ್ಷರದ ಮೊಳೆ ಜೋಡಿಸುವ ಕೆಲಸ. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು ಇತ್ತು. ತಲೆಕೆಳಗಾದ ಅಕ್ಷರ ಓದಿ ಓದಿ ರೂಢಿಯಾಗಿ, ನಾನು ಎದುರಿಗೆ ಹಿಡಿದ ಪೇಪರನ್ನು ಅವರು ಆಚೆಯಿಂದಲೇ ನನಗಿಂತ ಬೇಗ ಓದಿ ಮುಗಿಸುತ್ತಿದ್ದರು.

ಮೊದಲ ವಾರದಲ್ಲಿ ನಾನು ಕೇಳಿದ್ದೆ. "ಅಕ್ಕಾರೆ, ನೀವು ಎಲ್ಲೀವರೆಗೆ ಓದೀರಿ?"

"ಎಸ್ಸೆಸ್ಸೆಲ್ಸಿ ಮಾರಾಯ. ಅದ್ರಲ್ಲೂ ಲೆಕ್ಕದಲ್ಲಿ ಗೋತಾ. ನೀನು?"

"ಬಿ.ಎ."

"ಓಹೋ! ಹಂಗಾದ್ರೆ ನನ್ನ ತಪ್ಪನ್ನ ನೀನು ತಿದ್ದು. ನಿನ್ನ ತಪ್ಪನ್ನ ಆ ದೇವ್ರು ತಿದ್ಲಿ."

ನಾನು ನಕ್ಕೆ. ನಗುವಾಗಲೂ ಒಳಗೊಳಗೇ ಹೌದೆನಿಸಿತ್ತು. ಆ ಕೋಣೆಯಲ್ಲಿ ಡಿಗ್ರಿ ಆದವನು ನಾನೊಬ್ಬನೇ. ಸರ್ ಕೂಡ ಡಿಪ್ಲೊಮಾ. ಯಾರಾದರೂ ಯಂತ್ರದ ಮುಂದೆ ತಡವರಿಸಿದರೆ, ಕೇಳದಿದ್ದರೂ ನಾನು ಎದ್ದು ಹೋಗಿ ಕೀಬೋರ್ಡಿಗೆ ಕೈ ಹಾಕುತ್ತಿದ್ದೆ.

ಅಕ್ಕ ಯಾಕೆ ಕಲಿಯಲು ಬಂದಿದ್ದರೆಂಬುದು ನಮಗೆಲ್ಲ ಗೊತ್ತಿತ್ತು. ಪ್ರೆಸ್ಸಿನ ಮಾಲೀಕರು ಸೀಸದ ಅಕ್ಷರ ಬಿಟ್ಟು ಕಂಪ್ಯೂಟರ್ ತರಿಸುವವರಿದ್ದರು. ಅಕ್ಕನಿಗೆ ಅವರು ಹೇಳಿದ್ದು ಇಷ್ಟು: ಯುಗಾದಿಯೊಳಗೆ ಕಲಿತು ಸರ್ಟಿಫಿಕೇಟ್ ತಂದರೆ ಆ ಕುರ್ಚಿ ನಿಂದೇ, ಇಲ್ಲದಿದ್ದರೆ ಕಲಿತ ಹುಡುಗನೊಬ್ಬನನ್ನು ಕರೆಸುತ್ತೇನೆ. ಅಕ್ಕನ ಗಂಡ ಟೈಲರ್ ಆಗಿದ್ದವರು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ ಹೊಲಿಗೆ ಬಿಟ್ಟಿದ್ದರು. ಅತ್ತೆ, ಗಂಡ, ಇಬ್ಬರು ಮಕ್ಕಳು ಇದ್ದ ಆ ಮನೆ ನಡೆಯುತ್ತಿದ್ದದ್ದು ಅಕ್ಕನ ಕೈಮೇಲೆ.

ಪರೀಕ್ಷೆಗೆ ಮೊದಲು ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟ್ ಮಾಡಿಡಬೇಕಿತ್ತು. ಶಿವಮೊಗ್ಗದಿಂದ ಬರುವ ಪರೀಕ್ಷಕರು ಅದನ್ನು ಯಂತ್ರದಲ್ಲೇ ತೆಗೆದು ನೋಡುತ್ತಾರೆ. ಅದಿಲ್ಲದೆ ಪಾಸಿಲ್ಲ. ಅಕ್ಕ ಲಗ್ನಪತ್ರಿಕೆಯ ನಮೂನೆಗಳನ್ನು ಆರಿಸಿಕೊಂಡರು. ಒಟ್ಟು ನಲವತ್ತು. ಒಂದೊಂದು ಮನೆತನಕ್ಕೂ ಒಂದೊಂದು ಬಗೆ. ಮೇಲಿನ ಸಾಲಿನಲ್ಲಿ ಯಾರಿಗೆ ಬಸವೇಶ್ವರ ಪ್ರಸನ್ನ, ಯಾರಿಗೆ ಬೀರೇಶ್ವರ ಪ್ರಸನ್ನ, ಯಾರಿಗೆ ಬನಶಂಕರಿ, ಮುಸಲ್ಮಾನರ ಮನೆಗೆ ಹೇಗೆ, ಎಲ್ಲ ಅವರ ತಲೆಯಲ್ಲಿತ್ತು. ಯಾವ ಊರಿನ ಕಡೆ ಸೋದರಮಾವನ ಹೆಸರು ಸಣ್ಣಕ್ಷರದಲ್ಲಿ ಬಂದರೆ ಮದುವೆ ಮನೆಯಲ್ಲಿ ಜಗಳ ಏಳುತ್ತದೆ ಅನ್ನುವುದೂ ಗೊತ್ತಿತ್ತು. ಎರಡು ತಿಂಗಳು ಒಂದೊಂದೇ ಬೆರಳಿನಲ್ಲಿ ಒತ್ತಿ, ಸುತ್ತ ಬಳ್ಳಿಯ ಅಂಚು ಕೂರಿಸಿ ಮಾಡಿದರು. ಒಂದು ದಿನ ನನ್ನನ್ನು ಕರೆದು ತೋರಿಸಿದರು.

"ಇಲ್ಲಿ ಕಾಣು. ಇದು ನಿಂದು. ವರನ ಹೆಸರಿನ ಮುಂದೆ ಬಿ.ಎ. ಅಂತ ಹಾಕಿದೀನಿ, ದಪ್ಪಕ್ಷರ."

"ಹೆಣ್ಣಿನ ಹೆಸರೇ ಇಲ್ವಲ್ರಿ ಅಕ್ಕಾರೆ?"

"ಜಾಗ ಬಿಟ್ಟಿದೀನಲ್ಲ! ಹುಡುಕೋದೂ ನಾನೇ ಮಾಡ್ಬೇಕನಾ?"

ಅವತ್ತೇ ಅವರು ಇನ್ನೊಂದು ಮಾತು ಕೇಳಿದ್ದರು. "ಇದನ್ನೆಲ್ಲ ಒಂದು ಫ್ಲಾಪಿಗೂ ಹಾಕಿ ಇಟ್ಕಳ್ಳನಾ? ಎಂತಕ್ಕಾದ್ರೂ ಬೇಕಾಗ್ಬಹುದು."

ನಾನು ಹೇಳಿದೆ: "ಯಾಕ್ರಿ ಅದೆಲ್ಲ? ಹಾರ್ಡ್ ಡಿಸ್ಕ್ ಅಂದ್ರೆ ಗೋಡೆಯೊಳಗಿನ ಬೀರು ಇದ್ದಂಗೆ. ಫ್ಲಾಪಿ ಧೂಳು ಕೂತ್ರೂ ಕೆಡ್ತೈತಿ."

ನನ್ನ ಪ್ರಾಜೆಕ್ಟಿನ ಒಂದು ಪ್ರತಿ ನನ್ನ ಅಂಗಿ ಜೇಬಿನ ಫ್ಲಾಪಿಯಲ್ಲಿ ಆಗಲೂ ಇತ್ತು.

ಸಂತೆಯ ದಿನ ಕೇಂದ್ರಕ್ಕೆ ರಜೆ. ಕೆಳಗಿನ ಗದ್ದಲದಲ್ಲಿ ಪಾಠ ನಡೆಯುವುದಿಲ್ಲ. ಸರ್ ಅಂದು ತಮ್ಮ ಊರಿಗೆ ಹೋಗುತ್ತಿದ್ದರು. ಪರೀಕ್ಷೆಗೆ ಮೂರು ವಾರ ಇದೆ ಎನ್ನುವಾಗ ನಾನು ಅಭ್ಯಾಸಕ್ಕೆಂದು ಕೀ ಕೇಳಿದೆ. "ಓದಿದವರು ನೀವು, ನಿಮಗೆ ಕೊಡಬಹುದು" ಎಂದು ಕೊಟ್ಟರು. ಹಾಗೆಂದು ಕೀ ಕೈಗೆ ಬಂದದ್ದು ನನಗೆ ಆ ದಿನ ಡಿಗ್ರಿ ಬಂದದ್ದಕ್ಕಿಂತ ದೊಡ್ಡದಾಗಿ ಕಂಡಿತು.

ಬೆಳಿಗ್ಗೆ ಹತ್ತಕ್ಕೆಲ್ಲ ಮೂರನೇ ಯಂತ್ರದ ಮುಂದೆ ಕೂತಿದ್ದೆ. ಒಂದು ಹಳೆ ಪುಸ್ತಕದಲ್ಲಿ, ಅಡಗಿಸಿಟ್ಟ ಫೈಲುಗಳನ್ನೂ ತೋರಿಸುವ ಆಜ್ಞೆಯೊಂದನ್ನು ಓದಿದ್ದೆ. ಅದನ್ನು ಕೊಟ್ಟೆ. ಅದುವರೆಗೆ ಕಾಣದ ಮೂರು ನಾಲ್ಕು ಹೆಸರು ಪರದೆಯ ಮೇಲೆ ಬಂದವು. ನಮ್ಮಲ್ಲಿ ಎಲ್ಲರೂ ತಮ್ಮ ಹೆಸರಿಟ್ಟೇ ಫೈಲು ಮಾಡುತ್ತಿದ್ದೆವು. ಇವಕ್ಕೆ ಯಾರ ಹೆಸರೂ ಇರಲಿಲ್ಲ. ತಾರೀಕು ನೋಡಿದರೆ ಕೇಂದ್ರ ತೆರೆಯುವುದಕ್ಕೂ ಹಿಂದಿನದು.

ಇಲ್ಲಿ ನಮ್ಮ ಮನೆಯ ಒಂದು ರೂಢಿ ಹೇಳಬೇಕು. ನಮ್ಮ ಕುರಿಗಳ ಕಿವಿಯಲ್ಲಿ ಒಂದು ಗುರುತಿರುತ್ತದೆ. ಎಡಗಿವಿಯ ತುದಿಯಲ್ಲಿ ಎರಡು ಕಚ್ಚು. ಬೇರೆಯವರದಕ್ಕೆ ಬೇರೆ ಗುರುತು. ದಾರಿಯಲ್ಲಿ ಎರಡು ಹಿಂಡು ಕಲೆತು ಬೇರೆಯಾದಾಗ ಅಪ್ಪ ಮೊದಲು ಮಾಡುತ್ತಿದ್ದ ಕೆಲಸ ಒಂದೊಂದೇ ಕಿವಿ ಮುಟ್ಟಿ ನೋಡುವುದು. ನಮ್ಮ ಗುರುತಿಲ್ಲದ್ದು ಕಂಡರೆ ಆ ಕ್ಷಣವೇ ಹೊರಗೆ. "ಗುರುತಿಲ್ಲದ್ದು ನಮ್ಮ ಹಿಂಡಿನಾಗೆ ಒಂದು ಗಳಿಗೆ ಇರಬಾರ್ದಲೇ. ನಾಳೆ ಕಳ್ಳ ಅಂತಾರೆ." ಚಿಕ್ಕಂದಿನಿಂದ ಕೈಗೆ ಹತ್ತಿದ ಬುದ್ಧಿ ಅದು. ಬಿ.ಎ. ಅದನ್ನು ಬಿಡಿಸಿರಲಿಲ್ಲ. ಯಂತ್ರದೊಳಗಿನ ಫೈಲುಗಳನ್ನೂ ನಾನು ಹಾಗೆಯೇ ನೋಡಿದೆ. ಇದು ಅಕ್ಕನದು, ಇದು ನನ್ನದು, ಇದು ಸರ್ ಕೊಟ್ಟದ್ದು, ಇವು ಯಾರವೂ ಅಲ್ಲ. ಯಾರವೂ ಅಲ್ಲದವನ್ನು ಅಳಿಸಿಹಾಕಿದೆ. ಅಳಿಸಬಾರದೆಂದು ಒಂದು ತಡೆ ಇತ್ತು. ಅದನ್ನು ತೆಗೆಯುವ ಆಜ್ಞೆಯೂ ಅದೇ ಪುಸ್ತಕದಲ್ಲಿತ್ತು, ತೆಗೆದು ಅಳಿಸಿದೆ. ಸರ್ ಬಂದ ಮೇಲೆ, ಯಂತ್ರ ಚೊಕ್ಕ ಮಾಡಿದ್ದೇನೆ ಎಂದು ಹೇಳಬೇಕೆಂದುಕೊಂಡೆ.

ಯಂತ್ರ ಆಫ್ ಮಾಡಿ ಆನ್ ಮಾಡಿದೆ. ಕಪ್ಪು ಪರದೆ. ಈ ಡಿಸ್ಕಿನಲ್ಲಿ ಸಿಸ್ಟಂ ಇಲ್ಲ, ಬದಲಿಸಿ ಯಾವುದಾದರೂ ಕೀ ಒತ್ತಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಒತ್ತಿದೆ. ಅದೇ ಸಾಲು. ಹತ್ತು ಸಲ, ಇಪ್ಪತ್ತು ಸಲ ಒತ್ತಿದೆ. ಕೆಳಗೆ ಸಂತೆಯಲ್ಲಿ ಒಬ್ಬ ಮೆಣಸಿನಕಾಯಿಯ ದರ ಕೂಗುತ್ತಿದ್ದ. ನನ್ನ ಅಂಗಿ ಬೆನ್ನಿಗಂಟಿತು.

ನಾನು ಅಳಿಸಿದ್ದು ಯಂತ್ರದ ಜೀವವನ್ನೇ ಎಂದು ಆಗ ತಿಳಿಯಿತು.

ಅಲ್ಲಿಗೆ ನಿಲ್ಲಿಸಿ ಮರುದಿನ ಸರ್ ಮುಂದೆ ತಪ್ಪೊಪ್ಪಿಕೊಂಡಿದ್ದರೆ ಇದು ಬರೆಯುವಂಥ ಕಥೆಯೇ ಅಲ್ಲ. ಆದರೆ ಕೀ ಕೊಡುವಾಗ ಅವರಾಡಿದ ಮಾತು ಕಿವಿಯಲ್ಲಿತ್ತು. ಬೀರುವಿನಲ್ಲಿ ಡಾಸ್‌ನ ಫ್ಲಾಪಿಗಳು ಎಲ್ಲಿವೆಯೆಂದು ಗೊತ್ತಿತ್ತು. ಎರಡನೇ ಯಂತ್ರ ಕೆಟ್ಟಾಗ ಸರ್ ಏನು ಮಾಡಿದ್ದರೆಂದು ಹಿಂದೆ ನಿಂತು ನೋಡಿದ್ದೆ. ಮೊದಲು ಫಾರ್ಮ್ಯಾಟ್, ಆಮೇಲೆ ಒಂದೊಂದೇ ಫ್ಲಾಪಿ. ಸಂಜೆಯೊಳಗೆ ಮುಗಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲ ಫ್ಲಾಪಿ ಹಾಕಿ ಆಜ್ಞೆ ಕೊಟ್ಟೆ. ಯಂತ್ರ ಕೇಳಿತು: ಈ ಡಿಸ್ಕಿನಲ್ಲಿರುವ ಎಲ್ಲವೂ ನಾಶವಾಗುತ್ತದೆ, ಮುಂದುವರಿಯಲೇ? ಹೌದಾದರೆ ವೈ, ಇಲ್ಲವಾದರೆ ಎನ್.

ಆ ಇಂಗ್ಲಿಷ್ ನನಗೆ ಅರ್ಥವಾಯಿತು. ಮೂರು ಸಲ ಪರೀಕ್ಷೆ ಬರೆದು ಗಳಿಸಿದ ಇಂಗ್ಲಿಷ್ ಅದು. 'ಎಲ್ಲವೂ' ಎಂದರೆ ಅಕ್ಕನ ನಲವತ್ತು ಲಗ್ನಪತ್ರಿಕೆಗಳೂ ಸೇರಿ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಗೆಳೆಯರಿಗೆ ಹೇಳುವಾಗ ನಾನು ನುಂಗುತ್ತಿದ್ದ ಭಾಗ ಇದೇ. ಗೊತ್ತಿಲ್ಲದೆ ಒತ್ತಿದೆ ಎಂದು ಹೇಳುತ್ತಿದ್ದೆ. ಗೊತ್ತಿತ್ತು. ವೈ ಒತ್ತಿದೆ.

ಉಳಿದದ್ದು ಕೂಲಿ ಕೆಲಸದ ಹಾಗೆ. ಫ್ಲಾಪಿ ಹಾಕು, ಕಟಕಟ ಸದ್ದು ಕೇಳು, ತೆಗೆ, ಮುಂದಿನದು ಹಾಕು. ಒಂದು ಫ್ಲಾಪಿ ಓದದೆ ಸಿಕ್ಕಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದೆ. ಡಾಸ್ ಆದ ಮೇಲೆ ಕನ್ನಡ ಅಕ್ಷರದ ತಂತ್ರಾಂಶ. ಊಟಕ್ಕೆ ಹೋಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಯಂತ್ರ ಎದ್ದಿತು. ನಾಚಿಕೆಯ ಮಾತೆಂದರೆ, ಆ ಗಳಿಗೆಯಲ್ಲಿ ನನಗೆ ಹೆಮ್ಮೆಯಾಯಿತು. ಸತ್ತದ್ದನ್ನು ಒಬ್ಬನೇ ಎಬ್ಬಿಸಿದೆನಲ್ಲ ಎಂದು ಕುರ್ಚಿಯಿಂದೆದ್ದು ಕೋಣೆಯಲ್ಲಿ ಒಂದು ಸುತ್ತು ಹಾಕಿದೆ. ಆಮೇಲೆ ಜೇಬಿನ ಫ್ಲಾಪಿಯಿಂದ ನನ್ನ ಪ್ರಾಜೆಕ್ಟನ್ನು ಮತ್ತೆ ತುಂಬಿಸಿದೆ. ಆಮೇಲೆ ಅಕ್ಕನ ಹೆಸರಿನಲ್ಲಿ ಒಂದು ಡೈರೆಕ್ಟರಿ ಮಾಡಿದೆ. ಒಳಗೆ ಏನೂ ಇಲ್ಲದ, ಖಾಲಿ ಡೈರೆಕ್ಟರಿ. ಮನೆ ಹಾಗೇ ಇದೆ, ಸಾಮಾನು ಮಾತ್ರ ಹೋಗಿದೆ ಎನ್ನುವ ಹಾಗೆ ಕಾಣಲಿ ಎಂದು.

ಮರುದಿನ ಅಕ್ಕ ಬಂದು ಕೂತರು. ತಮ್ಮ ಡೈರೆಕ್ಟರಿ ತೆರೆದರು.

"ಎಂತ ಮಾರಾಯ ಇದು, ಒಳಗೆ ಎಂತದೂ ಇಲ್ಲ?"

ಸರ್ ಬಂದು ನೋಡಿದರು. "ಎಲ್ಲ ಡಿಲೀಟ್ ಆಗಿದೆಯಲ್ರಿ. ಇದರ ಮುಂದೆ ಕೊನೆಗೆ ಯಾರು ಕೂತಿದ್ರಿ?"

"ಮೊನ್ನೆ ಅಕ್ಕಾರೇ ಕೂತಿದ್ರು ಸರ್," ಎಂದೆ. "ನಿನ್ನೆ ನಾನು ಒಂದನೇ ಯಂತ್ರದಾಗೆ ಮಾಡ್ಕೊಂಡೆ." ಇಷ್ಟಕ್ಕೆ ಸುಮ್ಮನಿರಬಹುದಿತ್ತು. ಇರಲಿಲ್ಲ. ಅಕ್ಕನ ಕಡೆ ತಿರುಗಿ, ಮೇಷ್ಟರ ದನಿಯಲ್ಲಿ ಹೇಳಿದೆ: "ಏಳೋವಾಗ ಬೇರೆ ಯಾವುದಾದ್ರೂ ಕೀ ಒತ್ತಿದ್ರೇನೋ ನೋಡ್ರಿ. ಒಂದೊಂದು ಸಲ ಹಂಗಾಗ್ತೈತಿ."

ಅಕ್ಕ ತಮ್ಮ ಕೈಯನ್ನೇ ನೋಡಿಕೊಂಡರು. ಆ ನೋಟ ನನಗೆ ಮರೆತಿಲ್ಲ. "ಇರ್ಬಹುದು. ಪ್ರೆಸ್ಸಲ್ಲೂ ಒಂದ್ಸಲ ಮೊಣಕೈ ತಾಗಿ ಜೋಡಿಸಿದ ಪುಟ ಪೂರ್ತಿ ಕೆಡವಿದ್ದೆ. ನನ್ನ ಕೈಯೇ ಹಂಗೆ." ಅಳಲಿಲ್ಲ. ಚೀಲದಿಂದ ಪ್ರೆಸ್ಸಿನ ಹಳೆ ಲಗ್ನಪತ್ರಿಕೆಗಳ ಕಟ್ಟು ತೆಗೆದು, ಮೊದಲನೆಯದನ್ನು ಯಂತ್ರದ ಪಕ್ಕಕ್ಕಿಟ್ಟು, ಮತ್ತೆ ಶುರು ಮಾಡಿದರು.

ಆ ಮೂರು ವಾರ ಅವರು ಬೆಳಗಿನ ಮೊದಲ ಬಸ್ಸಿಗೇ ಬರತೊಡಗಿದರು. ನಾನು ನನ್ನ ಪಾಳಿಯ ಸಮಯವನ್ನು ಅವರಿಗೇ ಬಿಟ್ಟುಕೊಟ್ಟೆ, ಪಕ್ಕದಲ್ಲಿ ಕೂತು ಹೆಸರುಗಳನ್ನು ಓದಿ ಹೇಳಿದೆ. ಅದರಿಂದ ನನ್ನ ಮನಸ್ಸು ಹಗುರಾಗುತ್ತದೆಂದು ತಿಳಿದಿದ್ದೆ. ಅವರು ಎಲ್ಲರ ಮುಂದೆ ಹೊಗಳಿದರು. "ಇವ್ನ ತಾಯಿ ಹೊಟ್ಟೆ ತಣ್ಣಗಿರ್ಲಿ. ತಮ್ಮ ಆದವ್ನೂ ಇಷ್ಟು ಮಾಡಲ್ಲ." ಒಂದು ದಿನ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕಟ್ಟಿಕೊಂಡು ಬಂದು ನನ್ನ ಮುಂದಿಟ್ಟರು. ತಿಂದೆ. ಬೇಡ ಎನ್ನುವುದಕ್ಕೂ ಕಾರಣ ಹೇಳಬೇಕಾಗುತ್ತಿತ್ತು.

ಪರೀಕ್ಷೆಯ ದಿನಕ್ಕೆ ಇಪ್ಪತ್ತೆರಡು ನಮೂನೆ ಮುಗಿದಿದ್ದವು.

ಪರೀಕ್ಷಕರು ದಪ್ಪ ಕನ್ನಡಕದವರು, ಸಮಾಧಾನಿ. ಮೊದಲು ನನ್ನನ್ನು ಕೇಳಿದರು. ಅಕ್ಕ ಪಕ್ಕದ ಕುರ್ಚಿಯಲ್ಲೇ ತಮ್ಮ ಸರದಿಗೆ ಕಾಯುತ್ತಿದ್ದರು.

"ಯಂತ್ರ ಶುರು ಆಗ್ತಾ ಇಲ್ಲ, ಸಿಸ್ಟಂ ಫೈಲ್ ಹೋಗಿದೆ. ಏನು ಮಾಡ್ತೀರಿ?"

"ಫ್ಲಾಪಿಯಿಂದ ಶುರು ಮಾಡಿ, ಫಾರ್ಮ್ಯಾಟ್ ಮಾಡಿ, ಮತ್ತೆ ಹಾಕ್ತೀನಿ ಸರ್."

"ಫಾರ್ಮ್ಯಾಟ್‌ಗೆ ಮೊದಲು?"

"ಅದರಲ್ಲಿರೋ ಫೈಲುಗಳನ್ನ ಬೇರೆ ಕಡೆ ನಕಲು ಮಾಡ್ಕೊಳ್ತೀನಿ ಸರ್."

"ಭೇಷ್. ಯಾಕೆ?"

"ಬೇರೆಯವರ ಕೆಲಸ ಅದರಲ್ಲಿ ಇರ್ತೈತಿ, ಸರ್."

ಸರಿಯುತ್ತರ. ಅದನ್ನು ಹೇಳುವಾಗ ನನ್ನ ದನಿ ನಡುಗಲಿಲ್ಲ. ಅಕ್ಕ ತಲೆಯಾಡಿಸಿದರು, ಎಷ್ಟು ಚೆನ್ನಾಗಿ ಹೇಳಿದ ಎಂಬಂತೆ.

ಸಂಜೆ ಸರ್ ಹೇಳಿದರು. ನನಗೆ ಮೊದಲ ದರ್ಜೆ. ಅಕ್ಕನ ಪ್ರಾಜೆಕ್ಟ್ ಅಪೂರ್ಣ, ಮೂರು ತಿಂಗಳ ನಂತರ ಮತ್ತೆ ಕೂರಬೇಕು.

ಬಸ್ ಸ್ಟ್ಯಾಂಡಿಗೆ ಇಬ್ಬರೂ ನಡೆದು ಬಂದೆವು. ಸೊರಬದ ಬಸ್ಸು ಇನ್ನೂ ಬಂದಿರಲಿಲ್ಲ. ಅಕ್ಕ ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತರು.

"ಯುಗಾದಿಗೆ ಇನ್ನೆಷ್ಟು ದಿನ? ಹದಿನೈದು. ಹೋಗ್ಲಿ ಬಿಡು. ನಾಳೆ ಮಾಲೀಕ್ರಿಗೆ ಹೇಳ್ತೀನಿ, ಆ ಹುಡುಗನ್ನೇ ಕರ್ಸಿ ಅಂತ. ಈ ಕೈ ಸೀಸಕ್ಕೇ ಸರಿ, ಮಿಷನ್ನಿಗಲ್ಲ. ಅಲ್ಲಿ ಕೆಡವಿದೆ, ಇಲ್ಲೂ ಕೆಡವಿದೆ."

ಸೀಸದ ಕೆಲಸವೇ ಇನ್ನು ಇರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾನು ಸುಮ್ಮನಿದ್ದರೆ ಆ ಮಾತು ಮರುದಿನ ನಿಜವಾಗಿಬಿಡುತ್ತಿತ್ತು.

"ಅಕ್ಕಾರೆ, ನೀವು ಕೆಡವಲಿಲ್ಲ," ಎಂದೆ.

"ಸಮಾಧಾನ ಹೇಳ್ಬೇಡ ಮಾರಾಯ."

"ಸಮಾಧಾನ ಅಲ್ರಿ. ಅಳಿಸಿದ್ದು ನಾನು."

ಎಲ್ಲ ಹೇಳಿದೆ. ಗುರುತಿಲ್ಲದ ಫೈಲು, ಕಪ್ಪು ಪರದೆ, ವೈ, ಖಾಲಿ ಡೈರೆಕ್ಟರಿ. ಖಾಲಿ ಡೈರೆಕ್ಟರಿಯ ಮಾತಿಗೆ ಬಂದಾಗ ಅವರು ನನ್ನ ಮುಖ ನೋಡುವುದನ್ನು ಬಿಟ್ಟರು. ಬಸ್ಸು ಬಂತು, ನಿಂತಿತು, ಹೊರಟಿತು. ಅವರು ಏಳಲಿಲ್ಲ.

"ಮೂರು ವಾರ," ಅಂದರು. "ಮೂರು ವಾರ ನನ್ನ ಕೈನ ನಾನೇ ಬೈಕಂಡೆ. ಮನೇಲಿ ಮಕ್ಳಿಗೆ ಅನ್ನ ಬಡಿಸೋವಾಗ್ಲೂ ಇದು ದರಿದ್ರದ ಕೈ ಅಂತ ಅನ್ಸ್ತಿತ್ತು. ನೀ ಪಕ್ಕದಲ್ಲಿ ಕೂತು ರೊಟ್ಟಿ ತಿಂದ್ಯಲ್ಲೋ!"

"ತಪ್ಪಾತು ಅಕ್ಕಾರೆ."

"ತಪ್ಪಾತು ಅಂತ ನಂಗೆ ಹೇಳಿ ಎಂತ ಉಪಯೋಗ? ನಾಳೆ ಸೊರಬಕ್ಕೆ ಬಾ. ಮಾಲೀಕ್ರ ಮುಂದೆ ಹೇಳು. ಅದಕ್ಕೂ ಮುಂಚೆ ನಿಮ್ಮ ಸರ್ ಮುಂದೆ ಹೇಳು. ನಾನು ಹೇಳಲ್ಲ. ನೀನೇ ಹೇಳ್ಬೇಕು."

ಅಲ್ಲಿಂದಲೇ ಹಿಂತಿರುಗಿ ಕೇಂದ್ರದ ಮೆಟ್ಟಿಲು ಹತ್ತಿದೆ. ಸರ್ ಬೀಗ ಹಾಕುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಬಾಗಿಲು ಮತ್ತೆ ತೆರೆದು ಒಳಗೆ ಕರೆದು, ಒಂದು ಯಂತ್ರದ ಆ ಫೈಲುಗಳನ್ನು ನನ್ನ ಕಣ್ಣೆದುರೇ ಅಳಿಸಿದರು. ಯಂತ್ರ ಸತ್ತಿತು. ಫ್ಲಾಪಿ ಹಾಕಿ ಒಂದೇ ಒಂದು ಸಾಲು ಒತ್ತಿದರು. ಒಂದು ನಿಮಿಷವೂ ಆಗಲಿಲ್ಲ, ಯಂತ್ರ ಎದ್ದಿತು. ಒಳಗಿನ ಎಲ್ಲರ ಫೈಲುಗಳೂ ಇದ್ದಲ್ಲೇ ಇದ್ದವು.

"ಇಷ್ಟೇ ಇತ್ತು ನೋಡ್ರಿ," ಎಂದರು. "ಫಾರ್ಮ್ಯಾಟ್ ಬೇಕಾಗಿರಲಿಲ್ಲ. ಮರುದಿನ ನನ್ನನ್ನ ಕೇಳಿದ್ರೆ ಸಾಕಾಗ್ತಿತ್ತು." ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಹೇಳಿದರು: "ನಿಮ್ಮ ಸರ್ಟಿಫಿಕೇಟ್ ಬಂದ್ರೂ ನನ್ನ ಹತ್ರಾನೇ ಇರುತ್ತೆ. ಅವರದು ಬಂದ ದಿನ ತಗೊಳ್ಳಿ."

ಮರುದಿನ ಸೊರಬಕ್ಕೆ ಹೋದೆ. ಪ್ರೆಸ್ಸಿನ ಮಾಲೀಕರು ಬನಿಯನ್ನಿನಲ್ಲಿ ಕೂತು ಕಾಗದ ಎಣಿಸುತ್ತಿದ್ದರು. ಸರ್ ತೋರಿಸಿದ ಆ ಒಂದು ಸಾಲಿನವರೆಗೆ ನಾನು ಯಂತ್ರದ ಭಾಷೆಯಲ್ಲಿ ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ.

"ಇಂವ ಮಾಡಿದ್ದು ಎಂತ?" ಎಂದು ಅಕ್ಕನನ್ನು ಕೇಳಿದರು.

"ನಾನು ಜೋಡಿಸಿಟ್ಟ ನಲವತ್ತು ಪುಟ ಕೆಡವಿದ. ಕೆಡವಿ, ನಾನೇ ಕೆಡವಿದ್ದು ಅಂದ."

ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಷ್ಟು ಓದಿದೀಯ?"

"ಬಿ.ಎ." ಅಷ್ಟು ಸಣ್ಣ ದನಿಯಲ್ಲಿ ಅದನ್ನು ನಾನು ಇನ್ನೆಂದೂ ಹೇಳಿಲ್ಲ.

"ನಮ್ಮಲ್ಲಿ ಒಂದು ಕಟ್ಲೆ ಉಂಟು. ಪುಟ ಕೆಡವಿದವ್ನೇ ಮೊಳೆ ಆರಿಸ್ಬೇಕು, ಅವ್ನೇ ಜೋಡಿಸ್ಬೇಕು. ಬೇರೆಯವ್ರ ಕೈಲಿ ಮಾಡ್ಸೋ ಹಂಗಿಲ್ಲ. ಇವ್ಳು ಮೂರು ತಿಂಗಳು ಶಿರಾಳಕೊಪ್ಪಕ್ಕೆ ಹೋಗಿ ಬರ್ಲಿ, ಮಿಷನ್ನು ಅಲ್ಲೀವರೆಗೆ ಕಾಯ್ತದೆ. ಇಲ್ಲಿ ಇವ್ಳ ಕೆಲ್ಸ ನಿಲ್ಲಬಾರ್ದು. ನೀ ಕೂತ್ಕ."

ಹೀಗೆ ನಾನು ಸೀಸದ ಮುಂದೆ ಕೂತೆ. ಅಚ್ಚಾದ ಪುಟವನ್ನು ಬಿಡಿಸಿ, ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ಹಾಕುವುದು ನನ್ನ ಕೆಲಸ. ಕನ್ನಡಕ್ಕೆ ಖಾನೆಗಳು ಎಷ್ಟೆಂದು ಎಣಿಸಲು ಹೋಗಿ ಬಿಟ್ಟೆ. ಅಕ್ಷರ, ಒತ್ತು, ಗುಣಿತ, ಎಲ್ಲ ಬೇರೆ ಬೇರೆ, ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ನನ್ನ ಒಂದು ದಿನದ ಕೆಲಸ ಅಕ್ಕನಿಗೆ ಒಂದು ಗಂಟೆಯದು. ಮಧ್ಯಾಹ್ನ ಅವರು ಶಿರಾಳಕೊಪ್ಪದಿಂದ ಮರಳಿ ಬಂದು ಖಾನೆಗಳ ಮೇಲೆ ಬೆರಳಾಡಿಸಿ, ತಪ್ಪು ಬಿದ್ದ ಮೊಳೆಗಳನ್ನು ಹೆಕ್ಕಿ ನನ್ನ ಮಡಿಲಿಗೆ ಎಸೆಯುತ್ತಿದ್ದರು. ಮೊದಲ ತಿಂಗಳು ಅವರು ನನ್ನೊಡನೆ ಆಡಿದ ಮಾತುಗಳೆಂದರೆ "ಇದು", "ಇದೂ", "ಮತ್ತೆ ಇದು".

ಅವರ ಅತ್ತೆಯನ್ನು ನಾನು ನೋಡಿದ್ದು ಅಲ್ಲೇ. ಸೊಸೆಗೆ ಬುತ್ತಿ ತರುತ್ತಿದ್ದ ಗಟ್ಟಿಮುಟ್ಟಾದ ಮುದುಕಿ. ಬಾಗಿಲಲ್ಲಿ ನಿಂತು ನನ್ನನ್ನು ದಿಟ್ಟಿಸಿ, ಸೊಸೆಗೆ ಕೇಳುವಂತೆ, ನನಗೂ ಕೇಳುವಂತೆ, "ಇವತ್ತು ಎಷ್ಟು ಕೆಡವಿದ?" ಎಂದು ಕೇಳಿ ಹೋಗುತ್ತಿದ್ದರು. ನನ್ನ ಪಾಲಿಗೆ ಬುತ್ತಿ ಬರುತ್ತಿರಲಿಲ್ಲ. ಬರಬೇಕೆಂದು ನಾನೂ ಬಯಸಲಿಲ್ಲ.

ಅವ್ವ ಕೇಳಿದಳು, ಡಿಗ್ರಿ ಮಾಡಿ ಸೊರಬದಾಗೆ ಏನು ಕೆಲಸ ಅಂತ. "ಕಲಿಯಾಕತ್ತೀನಿ" ಎಂದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಮಾವನಿಗೆ ಮಾತ್ರ ಇವತ್ತಿನವರೆಗೂ ಹೇಳಿಲ್ಲ.

ಎರಡನೇ ತಿಂಗಳಲ್ಲೊಂದು ದಿನ ಅಕ್ಕ ಖಾನೆಗಳ ಮೇಲೆ ಬೆರಳಾಡಿಸಿ, ಏನೂ ಹೆಕ್ಕದೆ ಹೋಗಿ ತಮ್ಮ ಜಾಗದಲ್ಲಿ ಕೂತರು. ಸ್ವಲ್ಪ ಹೊತ್ತಾದ ಮೇಲೆ, ತಲೆಯೆತ್ತದೆಯೇ ಕೇಳಿದರು: "ಆ ಯಂತ್ರ ಸತ್ತಾಗ ಎಬ್ಬಿಸೋ ಒಂದು ಸಾಲು ಅಂದ್ಯಲ್ಲ, ಅದೆಂತದು? ನಂಗೂ ಹೇಳಿಕೊಡು. ನಿನ್ನಂಥವ್ರು ಇನ್ನೂ ಇರ್ತಾರೆ ಪ್ರಪಂಚದಲ್ಲಿ."

ಹೇಳಿಕೊಟ್ಟೆ. 'ಚೆನ್ನಾಗಿದೆ' ಎಂದೂ ಅನ್ನಲಿಲ್ಲ, ಬರೆದುಕೊಂಡರು. ಕ್ಷಮಿಸಿದೆ ಎಂದು ಅವರು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಮೂರು ತಿಂಗಳ ಮೇಲೆ ಪರೀಕ್ಷೆಯಾಯಿತು. ಈ ಸಲ ನಮೂನೆಗಳು ನಲವತ್ತಲ್ಲ, ನಲವತ್ತಾರು, ಅದೂ ಎರಡು ಫ್ಲಾಪಿಗಳಲ್ಲಿ ಎರಡು ಪ್ರತಿ. ಒಂದು ಫ್ಲಾಪಿ ಅವರ ಚೀಲದಲ್ಲಿ, ಇನ್ನೊಂದು ಮನೆಯಲ್ಲಿ ಅತ್ತೆಯ ಟ್ರಂಕಿನಲ್ಲಿ. ಅಕ್ಕ ಪಾಸಾದರು.

ಸರ್ಟಿಫಿಕೇಟ್ ಕೊಡುವ ದಿನ ಅತ್ತೆಯೂ ಜೊತೆಗೆ ಬಂದಿದ್ದರು. ಇಸ್ತ್ರಿಯ ಗೆರೆ ಮುರಿಯದ ಸೀರೆ, ಕೈಯಲ್ಲಿ ಮೆಟ್ಟಿಲ ಕೆಳಗೆ ಬಿಡಲು ಒಪ್ಪದ ಚಪ್ಪಲಿ. ಕೆಳಗಿಟ್ಟರೆ ಕಳೆದುಹೋಗುತ್ತದೆಂದು ಹಿಡಿದುಕೊಂಡೇ ಮೇಲೆ ಬಂದಿದ್ದರು. ಸರ್ ನನ್ನದನ್ನು ಮೇಜಿನ ಡ್ರಾಯರಿನಿಂದ ತೆಗೆದು ಕೊಟ್ಟರು. ಆಮೇಲೆ ಅಕ್ಕನದನ್ನು ತೆಗೆದು ಅದನ್ನೂ ನನ್ನ ಕೈಗಿಟ್ಟರು. "ಇದನ್ನ ನೀವು ಕೊಡ್ರಿ."

ಎರಡು ಹೆಜ್ಜೆ ದೂರ. ನಡೆದು ಹೋಗಿ ಅಕ್ಕನ ಮುಂದೆ ಹಿಡಿದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡರು, ತಮ್ಮ ಹೆಸರನ್ನು ಬೆರಳಿಟ್ಟು ಓದಿದರು, ಅತ್ತೆಗೆ ಕೊಟ್ಟರು.

ಮುದುಕಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮಡಚದೆ ಹಾಗೇ ಎದೆಗೆ ಹಿಡಿದುಕೊಂಡು, ಮೊದಲ ಸಲ ನೇರವಾಗಿ ನನ್ನೊಡನೆ ಮಾತಾಡಿದರು.

"ಒಂದಿನ ಮನೆಗೆ ಬಾ. ಉಣ್ಣಕ್ಕೆ ಹಾಕ್ತೀನಿ. ಬಂದವ್ನು ಸುಮ್ನೆ ಒಂದು ಕಡೆ ಕೂತ್ಕ. ನಮ್ಮನೇಲಿ ಎಂತದನ್ನೂ ಒಪ್ಪ ಮಾಡಕ್ಕೆ ಮಾತ್ರ ಹೋಗ್ಬೇಡ."